ಮೀಸಲು ಮರದ ಕೆಳಗಿನ ಮಂಚ

ಆಗೆಲ್ಲ ಬೇಸಿಗೆ ರಜೆ ಅಂದರೆ ತಾತನ ಮನೆ, ತಾತನ ಮನೆ ಅಂದರೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ತೆಂಗಿನಕಾಯಿಯ ವಾಸನೆ. ತುರುವೇಕೆರೆಯಿಂದ ಸಂಪಿಗೆಯ ಕಡೆ ಹೋಗುವ ಬಸ್ಸು ಇಳಿದು ತೋಟದ ಬದುವಿನ ಮೇಲೆ ನಡೆದರೆ, ಮನೆ ಕಾಣುವುದಕ್ಕೆ ಮೊದಲೇ ಆ ವಾಸನೆ ಬಂದು ಮೂಗಿಗೆ ತಗಲುತ್ತಿತ್ತು: ಸ್ವಲ್ಪ ಎಣ್ಣೆ, ಸ್ವಲ್ಪ ಹೊಗೆ, ಸ್ವಲ್ಪ ಇಲಿ. ನೀವೂ ಈ ಸೀಮೆಯವರಾದರೆ ಬಿಡಿಸಿ ಹೇಳಬೇಕಿಲ್ಲ. ಹಾಗೇ ಆ ಸದ್ದೂ ನಿಮಗೆ ನೆನಪಿರಬೇಕು. ತೋಟದಲ್ಲಿ ಎಲ್ಲೋ ಒಂದು ಕಡೆ, ಯಾರೂ ಮುಟ್ಟದೆ, ಗಾಳಿಯೂ ಇಲ್ಲದೆ, ಒಣಗಿದ ಕಾಯಿಯೊಂದು ಕಳಚಿಕೊಂಡು ಧೊಪ್ಪನೆ ನೆಲಕ್ಕೆ ಬೀಳುವ ಸದ್ದು. ಮನೆಯವರು ಅದಕ್ಕೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ನಾನು ಮಾತ್ರ ಐದನೇ ಕ್ಲಾಸು ಮುಗಿಸಿದ ಆ ಬೇಸಿಗೆಯಿಂದ ಇವತ್ತಿನವರೆಗೂ ಆ ಸದ್ದಿಗೆ ಬೆಚ್ಚುತ್ತೇನೆ.

ಮನೆಯ ಮುಂದಿನ ಕಣದ ಅಂಚಿನಲ್ಲಿ ಒಂದು ತೆಂಗಿನ ಮರವಿತ್ತು. ತಾತನ ಅಪ್ಪ ನೆಟ್ಟದ್ದು, ಅದರ ಕಾಯಿ ದೇವರಿಗೆ ಮೀಸಲು. ತೋಟದ ಉಳಿದ ಮರಗಳಿಗೆಲ್ಲ ಆಳು ಹತ್ತಿ ಕಾಯಿ ಕೆಡವುತ್ತಿದ್ದ. ಈ ಮರಕ್ಕೆ ಮಾತ್ರ ಯಾರೂ ಕಾಲು ಸೋಕಿಸುವಂತಿಲ್ಲ, ಕತ್ತಿ ತಾಗಿಸುವಂತಿಲ್ಲ. ತಾನಾಗಿ ಬಿದ್ದದ್ದನ್ನೇ ಎತ್ತಿ, ತೊಳೆದು, ದೇವರ ಕೋಣೆಯ ಮೂಲೆಯಲ್ಲಿ ಕೂಡಿಸಿಟ್ಟು, ಶ್ರಾವಣದಲ್ಲಿ ಸಂಪಿಗೆಯ ದೇವಸ್ಥಾನಕ್ಕೆ ಒಯ್ಯುತ್ತಿದ್ದರು. ಹಾಗಾಗಿ ಯಾವಾಗ ನೋಡಿದರೂ ಆ ಮರದ ಮಂಡೆಯಲ್ಲಿ ಒಣಗಿ ಕಂದಾದ ಗೊನೆಗಳು ತೂಗುತ್ತಿದ್ದವು. ಸರಿಯಾಗಿ ಆ ಗೊನೆಗಳ ಕೆಳಗೇ ತಾತನ ಹಗ್ಗದ ಮಂಚ. ಮಧ್ಯಾಹ್ನ ಮುದ್ದೆ, ಹುರುಳಿ ಸಾರು ಉಂಡು ಅಲ್ಲಿ ಮಲಗಿದರೆ ಇಳಿಹೊತ್ತಿಗೇ ಏಳುತ್ತಿದ್ದದ್ದು.

ಯಾರಾದರೂ ಎಚ್ಚರಿಸಿದರೆ ತಾತ ನಗುತ್ತಿದ್ದ. ತೆಂಗಿನಕಾಯಿಗೆ ಮೂರು ಕಣ್ಣಿದ್ದಾವೆ, ಕೆಳಗೆ ಮನುಷ್ಯರಿದ್ದರೆ ನೋಡಿಕೊಂಡೇ ಬೀಳುತ್ತೆ ಅನ್ನುತ್ತಿದ್ದ. ಈ ಮಾತನ್ನು ನಿಮ್ಮ ಮನೆಯಲ್ಲೂ ಯಾರಾದರೂ ಹೇಳಿಯೇ ಇರುತ್ತಾರೆ. ನಾನೂ ಆ ಬೇಸಿಗೆಯವರೆಗೆ ನಂಬಿದ್ದೆ. ನಂಬಿಕೆ ಕೆಡಿಸಿದವಳು ಶೈಲತ್ತೆ.

ಶೈಲತ್ತೆ ನಮ್ಮಪ್ಪನ ಕೊನೆಯ ತಂಗಿ. ಸೆಕೆಂಡ್ ಪಿಯುಸಿಯಲ್ಲಿ ಎಲ್ಲ ಪಾಸಾಗಿ ತರ್ಕಶಾಸ್ತ್ರ ಒಂದರಲ್ಲಿ ಫೇಲಾಗಿದ್ದಳು. ಬಾಯಿ ತೆಗೆದರೆ ವಾದ ಮಾಡುವವಳು ವಾದದ ಪರೀಕ್ಷೆಯಲ್ಲೇ ಹೇಗೆ ಫೇಲಾದಳು ಅಂತ ಅಜ್ಜಿ ಬಂದವರ ಮುಂದೆಲ್ಲ ಆಶ್ಚರ್ಯಪಡುತ್ತಿದ್ದಳು. ನಿಗಮನ ಯಾವುದು, ಅನುಗಮನ ಯಾವುದು ಅನ್ನುವುದನ್ನು ಅದಲು ಬದಲು ಬರೆದು ಬಂದಿದ್ದಳಂತೆ. ರಜೆ ಮುಗಿಯುವ ಹೊತ್ತಿಗೆ ತಿಪಟೂರಿನಲ್ಲಿ ಪೂರಕ ಪರೀಕ್ಷೆ. ಇನ್ನೊಬ್ಬರಿಗೆ ಹೇಳಿಕೊಟ್ಟರೆ ತನ್ನ ತಲೆಯಲ್ಲಿ ಕೂರುತ್ತದೆ ಅಂತ ನನ್ನನ್ನು ಶಿಷ್ಯೆ ಮಾಡಿಕೊಂಡಳು. ನನಗೆ ಚೌಕಾಬಾರದ ಜೊತೆಗಾತಿ ಬೇಕಿತ್ತು. ಒಂದು ಪಾಠಕ್ಕೆ ಒಂದು ಆಟ ಅಂತ ಒಪ್ಪಂದವಾಯಿತು.

ಪಾಠ ಅಟ್ಟದ ಮೇಲೆ ನಡೆಯುತ್ತಿತ್ತು. ಅಜ್ಜಿ ನಮ್ಮಿಬ್ಬರಿಗೂ ಕಾಯಿ ಆರಿಸುವ ಕೆಲಸ ಹಚ್ಚಿದ್ದಳು. ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರು ಕುಲುಕಿದರೆ ಇನ್ನೂ ಹಸಿ. ನೀರು ಬತ್ತಿ, ಒಳಗಿನ ಗಿಟುಕು ಚಿಪ್ಪಿಗೆ ಬಡಿದು ಲೊಟಲೊಟ ಅಂದರೆ ಕೊಬ್ಬರಿ ಆಗಿದೆ, ಮಂಕರಿಗೆ ಹಾಕಬೇಕು. ಅತ್ತೆ ರಾಶಿಯ ಅಲ್ಲಲ್ಲಿಂದ ಕೆಲವು ಕಾಯಿ ತೆಗೆದು ಅಲ್ಲಾಡಿಸಿದಳು. ಎಲ್ಲವೂ ಲೊಟಗುಟ್ಟಿದವು. ಹಾಗಾದರೆ ರಾಶಿಯೆಲ್ಲ ಕೊಬ್ಬರಿ ಆಗಿದೆ ಅನ್ನಬಹುದಾ ಅಂತ ನನ್ನನ್ನು ಕೇಳಿದಳು. ಅನ್ನಬಹುದು ಅಂದೆ. ಖಂಡಿತವಾಗಿಯೂ ಅಂತ ಮತ್ತೆ ಕೇಳಿದಳು. ನಾನು ರಾಶಿಯ ಅಡಿಯಿಂದ ಇನ್ನೊಂದು ಕಾಯಿ ಎಳೆದು ಕಿವಿಗೆ ಹಿಡಿದೆ.

"ಅದೇ ಕಣೇ ಅನುಗಮನ," ಅಂದಳು. "ಕಂಡಿದ್ದನ್ನ ಹಿಡ್ಕಂಡು ಕಾಣದೇ ಇರೋದರ ಬಗ್ಗೆ ಹೇಳೋದು. ಎಷ್ಟು ಕಾಯಿ ಅಲ್ಲಾಡಿಸಿದ್ರೂ ಅಷ್ಟೇಯ. ನಂಬಿಕೆ ಜಾಸ್ತಿ ಆಯ್ತದೆ, ಖಾತ್ರಿ ಆಗಲ್ಲ."

ಆಮೇಲೆ ಮಂಕರಿ ತೋರಿಸಿದಳು. ಈ ಮಂಕರಿಗೆ ಬಿದ್ದಿರುವುದೆಲ್ಲ ಲೊಟಗುಟ್ಟಿದ ಕಾಯಿ. ಈಗ ನನ್ನ ಕೈಗೆ ಬಂದದ್ದು ಈ ಮಂಕರಿಯ ಕಾಯಿ. ಹಾಗಾದರೆ ಇದನ್ನು ಅಲ್ಲಾಡಿಸಿ ನೋಡಬೇಕಾ? ಬೇಡ, ಲೊಟಗುಟ್ಟಲೇಬೇಕು ಅಂದೆ. ಅದು ನಿಗಮನ. ಮೊದಲ ಎರಡು ಮಾತು ನಿಜವಾದರೆ ಮೂರನೆಯದು ಸುಳ್ಳಾಗುವುದಕ್ಕೆ ದಾರಿಯೇ ಇಲ್ಲ. ಯಾರಾದರೂ ಗೊತ್ತಿಲ್ಲದೆ ಹಸಿ ಕಾಯಿ ಮಂಕರಿಗೆ ಹಾಕಿದ್ದರೆ ಅಂತ ಕೇಳಿದೆ. ಆಗ ಮೊದಲನೇ ಮಾತೇ ಸುಳ್ಳಾಯಿತಲ್ಲ ಅಂದಳು. ನಡೆದ ದಾರಿ ಸರಿಯಾಗಿಯೇ ಇರುತ್ತದೆ, ಸೇರುವ ಊರು ತಪ್ಪಾಗಬಹುದು. ಇಷ್ಟನ್ನು ನನಗೆ ಹೇಳುತ್ತಾ ಹೇಳುತ್ತಾ ಅವಳಿಗೇ ಆ ಗಂಟು ಬಿಡಿಸಿಕೊಂಡಿತು. ಅವತ್ತು ಸಂತೋಷಕ್ಕೆ ಚೌಕಾಬಾರದಲ್ಲಿ ನನಗೆ ಸೋತಳು.

ಪುಸ್ತಕದಲ್ಲಿ ಯಾರೋ ಒಬ್ಬ ಗ್ರೀಕರವನು ಮನುಷ್ಯ, ಮನುಷ್ಯರೆಲ್ಲ ಸಾಯುವವರು, ಆದ್ದರಿಂದ ಅವನೂ ಸಾಯುವವನು ಅಂತ ಇತ್ತು. ಆ ಗ್ರೀಕರವನ ಹೆಸರಿಗೆ ನನ್ನ ನಾಲಿಗೆ ಹೊರಳದ್ದರಿಂದ ಅತ್ತೆ ಅವನನ್ನು ತೆಗೆದು ತಾತನನ್ನು ಹಾಕಿದಳು. ನಾನು ಅದನ್ನು ಮಗ್ಗಿಯ ಧಾಟಿಯಲ್ಲಿ ಬಾಯಿಪಾಠ ಮಾಡಿ ಅಡುಗೆ ಮನೆಗೆ ಬಂದು ಒಪ್ಪಿಸಿದೆ. ಎಲ್ಲ ಮನುಷ್ಯರೂ ಸಾಯುವವರು, ತಾತ ಮನುಷ್ಯ, ಆದ್ದರಿಂದ. ಮುದ್ದೆ ತಿರುವುತ್ತಿದ್ದ ಅಜ್ಜಿಯ ಕೈ ನಿಂತಿತು.

"ಬುಡ್ತು ಅನ್ನೇ," ಅಂದಳು. "ಮೊದ್ಲು ಬುಡ್ತು ಅನ್ನು."

ಕೆಟ್ಟ ಮಾತು ಬಾಯಿಂದ ಜಾರಿದರೆ ಕೂಡಲೇ ಬಿಡ್ತು ಅನ್ನಬೇಕು, ಆಗ ಆ ಮಾತಿನ ಕೇಡು ಅಲ್ಲೇ ಬಿಟ್ಟುಹೋಗುತ್ತದೆ, ಇದು ನಮ್ಮ ಕಡೆ ಮಕ್ಕಳಿಗೆಲ್ಲ ಗೊತ್ತು. ನಾನು ಅಂದೆ. ಅಜ್ಜಿ ಬಿಡದೆ ಅತ್ತೆಯ ಬಾಯಿಂದಲೂ ಅನ್ನಿಸಿದಳು. ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ತಾತ, ಹುಡುಗಿ ನಿಜ ಹೇಳಿದ್ದಕ್ಕೆ ಯಾಕೆ ಬೈಯುತ್ತೀರಿ ಅಂತ ನಕ್ಕ. ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಪಾಠದಲ್ಲಿ ಮನೆಯವರ ಹೆಸರು ಬಂದು, ಆದ್ದರಿಂದ ಅನ್ನುವ ಕಡೆಗೆ ಬಂದ ಕೂಡಲೇ ಅತ್ತೆ ಕಣ್ಣು ಮಿಟುಕಿಸಿ ಬಿಡ್ತು ಅನ್ನುತ್ತಿದ್ದಳು, ನಾನೂ ಅನ್ನುತ್ತಿದ್ದೆ. ಅವಳಿಗೆ ತಮಾಷೆ. ನನಗೆ ಹಾಗಲ್ಲ. ಎರಡು ಮಾತು ನಿಜವಾಗಿದ್ದ ಮೇಲೆ ಮೂರನೆಯದನ್ನು ಬಿಡ್ತು ಅಂದರೆ ಬಿಡುತ್ತದೆಯೇ ಅಂತ ಒಳಗೊಳಗೇ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಅತ್ತೆ ಪುಸ್ತಕ ಹಿಡಿದು ತಾತನ ಮಂಚದ ಹತ್ತಿರ ಹೋದಳು, ನಾನೂ ಹಿಂದೆ ಹೋದೆ. ಕಾಯಿ ಮೇಲೆ ಬೀಳುವುದಿಲ್ಲ ಅನ್ನುವುದಕ್ಕೆ ತಾತನ ಹತ್ತಿರ ಎರಡು ವಾದ ಇದ್ದಾವೆ, ಒಂದೊಂದಾಗಿ ನೋಡೋಣ ಅಂದಳು. ಮೊದಲನೆಯದು ನಿಗಮನ. ಕಣ್ಣಿರುವುದೆಲ್ಲ ನೋಡುತ್ತದೆ, ಕಾಯಿಗೆ ಕಣ್ಣಿದೆ, ಆದ್ದರಿಂದ ಕಾಯಿ ನೋಡುತ್ತದೆ. ದಾರಿಯೇನೋ ಸರಿ. ಆದರೆ ಆ ಮೂರು ಕಣ್ಣು ಇರುವುದು ಮಟ್ಟೆಯ ಒಳಗೆ. ಮಟ್ಟೆ ಸುಲಿಯುವವರೆಗೂ ಅದು ನಮಗೇ ಕಾಣುವುದಿಲ್ಲ, ಅದಕ್ಕೆ ನಾವು ಕಾಣುವುದು ಹೇಗೆ ಅಂದಳು. ನಾನು ಚಪ್ಪಾಳೆ ತಟ್ಟಿದೆ. ತಾತ ಮಲಗಿದ್ದಲ್ಲಿಂದಲೇ ಒಂದು ಕಣ್ಣು ತೆರೆದು ಎರಡನೆಯದನ್ನು ಹೇಳು ಅಂದ. ಅತ್ತೆ ಹೇಳುವ ಮೊದಲೇ ತಾನೇ ಹೇಳಿದ.

"ಈ ಮಂಚ ಹಾಕಿ ಎಷ್ಟು ವರ್ಷ ಆಯ್ತು ಕಣವ್ವ? ಒಂದಾದ್ರೂ ಬಿತ್ತಾ ನನ್ ಮ್ಯಾಲೆ?"

"ಬಿದ್ದಿಲ್ಲ ಅಪ್ಪ," ಅಂದಳು ಅತ್ತೆ. "ಇಲ್ಲೀಗಂಟ ಬಿದ್ದಿಲ್ಲ, ಅಷ್ಟೇಯ."

ಆ ಇಲ್ಲೀಗಂಟ ಅನ್ನುವ ಮಾತು ನನ್ನನ್ನು ಹಿಡಿದುಬಿಟ್ಟಿತು. ಅವತ್ತಿನಿಂದ ನನ್ನ ಆಟವೆಲ್ಲ ಕೆಟ್ಟಿತು. ಬೇವಿನ ಮರದ ಕೆಳಗೆ ಕೂತು ಗರಿಯಲ್ಲಿ ಪೀಪಿ ಸುತ್ತುತ್ತಿದ್ದರೂ ಕಣ್ಣು ಆ ಮಂಡೆಯ ಮೇಲೆ. ಒಂದು ಗೊನೆಯ ಕಾವು ಒಣಗಿ ಸೀಳುಬಿಟ್ಟಿತ್ತು. ಅಳಿಲು ಓಡಿದರೆ ಸಾಕು, ಗೊನೆ ಅಲುಗುತ್ತಿತ್ತು. ಕೆಳಗೆ ತಾತ ಬಾಯಿ ತೆರೆದುಕೊಂಡು, ಎದೆಯ ಮೇಲೆ ಟವೆಲ್ಲು ಹಾಕಿಕೊಂಡು, ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದ. ಗೊರಕೆ ನಿಂತರೆ ನನ್ನ ಉಸಿರೂ ನಿಲ್ಲುತ್ತಿತ್ತು.

ಅಷ್ಟರಲ್ಲಿ ಬೋರಿನ ಮೋಟಾರು ಕೆಟ್ಟಿತು. ತುರುವೇಕೆರೆಯಿಂದ ಬಷೀರಣ್ಣ ಬಂದ. ನಮ್ಮ ಕಡೆಯ ತೋಟಗಳ ಮೋಟಾರನ್ನೆಲ್ಲ ರಿಪೇರಿ ಮಾಡುತ್ತಿದ್ದವನು ಅವನೇ, ಮನೆಯವರಷ್ಟೇ ಸಲಿಗೆ. ತಾತ ಮಂಚದ ಅಂಚು ತಟ್ಟಿ ಕೂತುಕೋ ಅಂದ. ಬಷೀರಣ್ಣ ಒಂದು ಸಲ ಮೇಲಕ್ಕೆ ನೋಡಿ, ಪರವಾಗಿಲ್ಲ ಅಂತ ಹೇಳಿ, ದೂರದ ತೊಟ್ಟಿಯ ಕಟ್ಟೆಗೆ ಒರಗಿ ಕೂತು ಮಜ್ಜಿಗೆ ಕುಡಿದ. ಕೆಲಸ ಮುಗಿಸಿದ ಮೇಲೆ ಸ್ವಿಚ್ಚು ಹಾಕುವುದಕ್ಕೆ ತಾತನನ್ನು ಕೂಗಿದ. ತಾತ ಎದ್ದು, ಚಪ್ಪಲಿ ಹುಡುಕಿ, ಪಂಪ್‌ಸೆಟ್ಟಿನ ಕೋಣೆಯ ಕಡೆ ನಡೆದ. ಬಾಗಿಲು ತಲುಪಿರಲಿಲ್ಲ, ಹಿಂದೆ ಸದ್ದಾಯಿತು.

ಕಾಯಿ ಮಂಚದ ಹಗ್ಗ ಹರಿದುಕೊಂಡು ನೆಲಕ್ಕೆ ಬಿದ್ದಿತ್ತು. ಹರಿದದ್ದು ತಲೆದಿಂಬಿನ ಜಾಗದಲ್ಲಿ. ದಿಂಬು ಆ ತೂತಿನೊಳಗೆ ಅರ್ಧ ಇಳಿದು ನಿಂತಿತ್ತು. ಬಷೀರಣ್ಣ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟು, ಅಲ್ಲಾ ಕಾಪಾಡಿದ, ಇನ್ನು ಮೇಲೆ ಇಲ್ಲಿ ಮಲಗಬೇಡಿ ಯಜಮಾನ್ರೇ ಅಂದ. ನನಗೆ ಅಳು ಬಂತು. ಹೆದರಿಕೆಯ ಜೊತೆಗೆ ಒಂದು ಸಮಾಧಾನವೂ ಆಗಿತ್ತು, ಇನ್ನಾದರೂ ತಾತ ಒಪ್ಪುತ್ತಾನೆ ಅಂತ. ತಾತ ಬಗ್ಗಿ ಆ ಕಾಯನ್ನು ಎತ್ತಿ ಕಣ್ಣಿಗೊತ್ತಿಕೊಂಡ.

"ನೋಡಿದ್ರಾ," ಅಂದ. "ನಾನು ಏಳೋಗಂಟ ಕಾದಿದ್ದು ಬಿತ್ತು."

ಸಂಜೆಯ ಹೊತ್ತಿಗೆ ಊರಿನ ಅರ್ಧ ಜನ ಬಂದು ಮಂಚದ ತೂತು ನೋಡಿ ಹೋದರು. ಎಲ್ಲರೂ ಕೈ ಮುಗಿದರು. ಮೀಸಲು ಮರದ ಮಹಿಮೆ ಅಂದರು. ತಾತ ಬಂದವರಿಗೆಲ್ಲ ಮೊದಲಿನಿಂದ ಕಥೆ ಹೇಳಿದ, ಪ್ರತಿ ಸಲವೂ ಕಾಯಿ ಕಾದದ್ದು ಇನ್ನಷ್ಟು ಹೊತ್ತಾಗುತ್ತಿತ್ತು. ಅವರೆಲ್ಲ ಹೋದ ಮೇಲೆ ಅತ್ತೆ ಅವನ ಎದುರು ಕೂತಳು. ಅವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಯಾರ್ ಮ್ಯಾಲೆ ಬೀಳ್ಲಿಲ್ವೋ ಅವರು ಮಾತ್ರ ಬಂದು ಕಥೆ ಹೇಳ್ತಾರೆ ಅಪ್ಪ. ಬಿದ್ದೋರು ಬಂದು ಹೇಳಲ್ಲ."

ಮರದ ಒಣ ಗೊನೆಗಳನ್ನು ಇಳಿಸಿಬಿಡೋಣ, ಒಂದೇ ಸಲ ಆಳು ಹತ್ತಿಸೋಣ ಅಂತ ಬೇಡಿಕೊಂಡಳು. ಆಗ ತಾತನಿಗೆ ಸಿಟ್ಟು ಬಂತು. ಅಪ್ಪನ ಕಾಲದಿಂದ ನಡೆದುಬಂದ ಮೀಸಲಿಗೆ ಕತ್ತಿ ಹಾಕಬೇಕಾ, ಇವತ್ತು ಜೀವ ಉಳಿಸಿದ ಮರಕ್ಕಾ ಅಂದ. ಅಜ್ಜಿಯೂ ಒಪ್ಪಲಿಲ್ಲ. ಅವಳಿಗೆ ಕಾಯಿಯ ಭಯಕ್ಕಿಂತ ದೇವರ ಭಯ ದೊಡ್ಡದು. ಅತ್ತೆ ನಮ್ಮಪ್ಪನಿಗೆ ಫೋನು ಮಾಡಿದರೆ, ಅಪ್ಪನ ಹತ್ತಿರ ವಾದ ಮಾಡುವುದಕ್ಕೆ ನಿನ್ನ ಕೈಲೇ ಆಗದಿದ್ದರೆ ನನ್ನ ಕೈಲಿ ಏನಾಗುತ್ತೆ ಅಂತ ನಕ್ಕುಬಿಟ್ಟ. ಮಾರನೆಯ ದಿನ ತಾತ ಹೊಸ ಹಗ್ಗ ತಂದು ಮಂಚ ಹೆಣೆದ. ಅಷ್ಟು ಬಿಗಿಯಾಗಿ ಹೆಣೆದ ಮಂಚವನ್ನು ಮತ್ತೆ ಅದೇ ಜಾಗಕ್ಕೆ ಹಾಕಿದ.

ವಾದ ನಿಂತಿತು, ಮಂಚ ಎಳೆಯುವುದು ಶುರುವಾಯಿತು. ತಾತ ಊಟಕ್ಕೆ ಕೂತಾಗ ಅತ್ತೆಯೂ ನಾನೂ ಸೇರಿ ಮಂಚವನ್ನು ಜಗಲಿಯ ಹತ್ತಿರ ತಂದು ಹಾಕುತ್ತಿದ್ದೆವು. ತಾತ ಕೈ ತೊಳೆದು ಬಂದು ಅದನ್ನು ಹೊತ್ತುಕೊಂಡು ಹೋಗಿ ಮರದ ಕೆಳಗೆ ಹಾಕುತ್ತಿದ್ದ. ಮಂಚದ ಕಾಲು ಎಳೆದ ಗೆರೆಗಳು ಕಣದ ತುಂಬ ಬಿದ್ದವು. ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅತ್ತೆ ಓದುತ್ತಿದ್ದಳು, ಓದುತ್ತಾ ಓದುತ್ತಾ ತಲೆ ಎತ್ತಿ ಮರ ನೋಡುತ್ತಿದ್ದಳು. ಅವಳೂ ನನ್ನ ಹಾಗೇ ಕಾಯುತ್ತಿದ್ದಾಳೆ ಅಂತ ನನಗೆ ಗೊತ್ತಾಗುತ್ತಿತ್ತು. ದೊಡ್ಡವರಿಗೂ ಅದೇ ಹೆದರಿಕೆ ಇದೆ ಅಂತ ಗೊತ್ತಾದ ಮೇಲೆ ನನ್ನ ಹೆದರಿಕೆ ದುಪ್ಪಟ್ಟಾಯಿತು.

ಪರೀಕ್ಷೆ ಹತ್ತಿರ ಬಂದಿತ್ತು. ಆ ಮಧ್ಯಾಹ್ನ ಉಸಿರು ಕಟ್ಟುವ ಸೆಕೆ. ಪಡುವಣದಲ್ಲಿ ಮೋಡ ಕಪ್ಪಾಗಿ ಏರುತ್ತಿತ್ತು, ಕಾಗೆಗಳು ಸುಮ್ಮನಾಗಿದ್ದವು. ಅತ್ತೆಯೂ ನಾನೂ ಜಗಲಿಯ ಮೇಲೆ ಕೂತಿದ್ದೆವು. ಅವಳು ನನ್ನ ಕೈಗೆ ಪುಸ್ತಕ ಕೊಟ್ಟು, ಪ್ರಶ್ನೆ ಕೇಳಿಸಿಕೊಂಡು ಉತ್ತರ ಹೇಳುತ್ತಿದ್ದಳು, ಒಂದೂ ತಪ್ಪುತ್ತಿರಲಿಲ್ಲ. ಮೊದಲ ಗಾಳಿ ಬಂದು ಕಣದ ಮಣ್ಣೆಲ್ಲ ಎದ್ದಿತು. ಗರಿಗಳು ಒಂದೇ ಕಡೆಗೆ ತಿರುಗಿದವು. ಅತ್ತೆ ತಾತನನ್ನು ಕೂಗಿದಳು. ತಾತ ಮಲಗಿದ್ದಲ್ಲಿಂದಲೇ ಕೈ ಎತ್ತಿ, ಏನೂ ಆಗಲ್ಲ ಅನ್ನುವ ಹಾಗೆ ಅಲ್ಲಾಡಿಸಿದ. ಇನ್ನೊಂದು ಸಲ ಕೂಗಿದಳು. ಆಮೇಲೆ ಎದ್ದು ಓಡಿದಳು.

ಮಂಚದ ತಲೆಯ ಕಡೆಯ ಪಟ್ಟಿ ಹಿಡಿದು, ತಾತ ಮಲಗಿದ್ದ ಹಾಗೇ ಎಳೆಯುವುದಕ್ಕೆ ಹೋದಳು. ತಾತ ಏನೋ ಬೈದ, ಗಾಳಿಯಲ್ಲಿ ಕೇಳಿಸಲಿಲ್ಲ. ಒಂದು ಕಾಯಿ ತೊಟ್ಟಿಯ ಕಡೆ ಬಿತ್ತು. ಒಂದು ಮಂಚದ ಆಚೆ ಬಿತ್ತು. ಅತ್ತೆ ಎಳೆಯುವುದು ಬಿಟ್ಟು, ತಾತನ ಮುಖದ ಮೇಲೆ ಬಗ್ಗಿ, ಎರಡೂ ಕೈ ಅವನ ತಲೆಯ ಸುತ್ತ ಇಟ್ಟಳು. ಮುಂದಿನದು ನೆಲಕ್ಕೆ ಬೀಳಲಿಲ್ಲ. ಆ ಸದ್ದು ಬೇರೆ ಥರ ಇತ್ತು. ಅದನ್ನು ಬರೆಯುವುದಕ್ಕೆ ನನ್ನಿಂದ ಆಗುವುದಿಲ್ಲ.

ಬಷೀರಣ್ಣ ಯಾರದೋ ಓಮ್ನಿ ಓಡಿಸಿಕೊಂಡು ಬಂದ. ಮಳೆಯಲ್ಲೇ ತಿಪಟೂರಿಗೆ, ಅಲ್ಲಿಂದ ಇನ್ನೂ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅತ್ತೆ ಉಳಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಮನೆಗೆ ಬಂದಳು, ನಡೆದಳು, ನಕ್ಕಳು, ನಮ್ಮನ್ನೆಲ್ಲ ಗುರುತು ಹಿಡಿದಳು. ಮಾತು ಮಾತ್ರ ಅವಳ ಜೊತೆ ಪೂರ್ತಿ ಬರಲಿಲ್ಲ. ಬೆರಳೆಣಿಕೆಯಷ್ಟು ಮಾತು ಉಳಿದಿತ್ತು: ಅಪ್ಪ, ಅಮ್ಮ, ನೀರು, ಬಾ, ಸಾಕು. ಒಂದು ಮಾತಿಗೆ ಇನ್ನೊಂದನ್ನು ಸೇರಿಸುವುದು ಅವಳಿಗೆ ಆಗುತ್ತಿರಲಿಲ್ಲ. ಸೇರಿಸಲು ಹೋಗಿ, ಸಿಗದೆ, ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದಳು.

ಅವಳು ಇನ್ನೂ ಆಸ್ಪತ್ರೆಯಲ್ಲಿದ್ದಾಗ ಊರಿನವರೊಬ್ಬರು ಸಮಾಧಾನ ಹೇಳಲು ಬಂದಿದ್ದರು. ಅಷ್ಟಾದರೂ ಯಜಮಾನರ ಮೇಲೆ ಬೀಳಲಿಲ್ಲವಲ್ಲ, ಕಾಯಿಗೆ ಕಣ್ಣಿದೆ ಅನ್ನುವುದು ಸುಳ್ಳಲ್ಲ ಅಂದರು.

"ಕಣ್ಣಿದ್ದಿದ್ರೆ ನನ್ ಮಗಳು ಕಾಣ್ತಿರ್ಲಿಲ್ವಾ," ಅಂದ ತಾತ.

ತಾತ ತಾನಾಗಿ ಕಟ್ಟಿದ ನಿಗಮನ ಅದೊಂದೇ. ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಅತ್ತೆ ಅಲ್ಲಿದ್ದಿದ್ದರೆ ಚಪ್ಪಾಳೆ ತಟ್ಟುತ್ತಿದ್ದಳು. ಮಾರನೆಯ ಬೆಳಿಗ್ಗೆ ತಾನೇ ಆಳು ಕರೆಸಿ ಮೀಸಲು ಮರದ ಗೊನೆಗಳನ್ನೆಲ್ಲ ಇಳಿಸಿದ. ಅಜ್ಜಿ ತಡೆಯಲಿಲ್ಲ. ಆ ರಾಶಿಯನ್ನು ಯಾರೂ ದೇವಸ್ಥಾನಕ್ಕೂ ಒಯ್ಯಲಿಲ್ಲ, ಒಡೆದು ಸಾರಿಗೂ ಹಾಕಲಿಲ್ಲ, ಕಣದ ಮೂಲೆಯಲ್ಲಿ ಮೊಳಕೆ ಬಂದು ಕೊಳೆಯಿತು. ಮಂಚ ಜಗಲಿಗೆ ಬಂತು. ಅದರ ಮೇಲೆ ತಾತ ಮಲಗಿದ್ದನ್ನು ನಾನು ನೋಡಲಿಲ್ಲ, ಅತ್ತೆಯನ್ನು ಮಲಗಿಸಿ ತಾನು ಪಕ್ಕದಲ್ಲಿ ನೆಲದ ಮೇಲೆ ಕೂರುತ್ತಿದ್ದ. ಎಷ್ಟೋ ವರ್ಷದ ಮೇಲೆ, ಜ್ವರ ಬಂದು, ಮನೆಯೊಳಗೇ ತೀರಿಕೊಂಡ. ಕೊನೆಯವರೆಗೂ ಅವನ ಮೇಲೆ ಒಂದು ಕಾಯಿಯೂ ಬೀಳಲಿಲ್ಲ.

ಈಗ ನಾನು ಚಿಕ್ಕನಾಯಕನಹಳ್ಳಿಯ ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುತ್ತೇನೆ. ನಿಗಮನ, ಅನುಗಮನದ ಪಾಠಕ್ಕೆ ಒಂದು ಮಂಕರಿ ಕಾಯಿ ತರಿಸುತ್ತೇನೆ, ಮಕ್ಕಳು ಒಬ್ಬೊಬ್ಬರಾಗಿ ಕಿವಿಗೆ ಹಿಡಿದು ಅಲ್ಲಾಡಿಸಿ ನಗುತ್ತಾರೆ, ಬೇಗ ಅರ್ಥಮಾಡಿಕೊಳ್ಳುತ್ತಾರೆ. ನಮ್ಮಪ್ಪ ಅಮ್ಮ ಕೆಲಸದಿಂದ ನಿವೃತ್ತರಾಗಿ ಅದೇ ತೋಟದ ಮನೆಯಲ್ಲಿದ್ದಾರೆ, ಅತ್ತೆ ಅವರ ಜೊತೆ. ಅಟ್ಟದ ಕಾಯಿ ಆರಿಸುವವಳು ಈಗಲೂ ಅವಳೇ. ಹಸಿ ಕಾಯಿ ಒಂದೂ ಅವಳ ಮಂಕರಿಗೆ ಬೀಳುವುದಿಲ್ಲ. ಮನೆ ಹಾಗೇ ಇದೆ, ವಾಸನೆ ಹಾಗೇ ಇದೆ. ಮಧ್ಯಾಹ್ನದ ಹೊತ್ತು ಕಣದಲ್ಲಿ ಅಪ್ಪ ಮಗಳು ಎದುರುಬದುರು ಕೂತು, ಪಟ್ಟು ಬಿಡದೆ ವಾದಿಸುತ್ತಿದ್ದ ಆ ಎರಡು ದನಿ ಇಲ್ಲ. ಆ ಮನೆಯಲ್ಲಿ ಈಗ ಯಾರೂ ಯಾರ ಮಾತನ್ನೂ ಅಲ್ಲಗಳೆಯುವುದಿಲ್ಲ. ಅದು ನನಗೆ ತಡೆಯಲಾಗದಷ್ಟು ಸಂಕಟ ಕೊಡುತ್ತದೆ.

ಹೋದ ರಜೆಯಲ್ಲಿ ಅಟ್ಟದ ಮೇಲೆ ಅವಳ ಪಕ್ಕ ಕೂತಿದ್ದಾಗ, ಏನನ್ನಿಸಿತೋ, ಹಳೆಯ ಪಾಠ ತೆಗೆದೆ. ಎಲ್ಲ ಮನುಷ್ಯರೂ ಸಾಯುವವರು ಅಂದೆ. ಕಾಯಿ ಹಿಡಿದ ಅವಳ ಕೈ ನಿಂತಿತು. ತಾತ ಮನುಷ್ಯ ಅಂದೆ. ಅತ್ತೆ ನನ್ನ ಮುಖವನ್ನೇ ನೋಡಿದಳು, ತುಟಿ ಅಲುಗಿತು. ಆದ್ದರಿಂದ ಅನ್ನುತ್ತಾಳೇನೋ ಅಂತ ನಾನು ಉಸಿರು ಹಿಡಿದು ಕಾದೆ.

"ಬುಡ್ತು," ಅಂದಳು. ಆಮೇಲೆ ನನ್ನ ಕಡೆ ಬೆರಳು ತೋರಿಸಿ, ಕಷ್ಟಪಟ್ಟು, ಇನ್ನೊಂದು ಮಾತು ಸೇ‌ರಿಸಿದಳು. "ಬುಡ್ತು ಅನ್ನು."

ತಾತ ಹೋಗಿ ಆಗಲೇ ಎಷ್ಟೋ ವರ್ಷವಾಗಿತ್ತು. ನಾನು ಬಿಡ್ತು ಅಂದೆ. ಅತ್ತೆ ಸಮಾಧಾನವಾಗಿ ಇನ್ನೊಂದು ಕಾಯಿ ಎತ್ತಿಕೊಂಡು ಕಿವಿಗೆ ಹಿಡಿದಳು.